ಅಪ್ಪನಿಗೊಂದು ಬೀಗ

ನನ್ನ ಮನೆಯ ಬಾಗಿಲು ನನ್ನನ್ನೇ ಹೊರಗೆ ಹಾಕಿದ್ದು ಇಲ್ಲಿಯವರೆಗೆ ಆರು ಸಲ. ಆರನೆಯ ಸಲ ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಪೇಪರ್ ಎತ್ತಿಕೊಳ್ಳಲು ಬಂದಿದ್ದೆ. ಗಾಳಿ ಬೀಸಿತು, ಬಾಗಿಲು ಟಪ್ಪೆಂದಿತು, ಎದುರುಮನೆಗಳ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಬೀಗದಣ್ಣನಿಗೂ ನನಗೂ ಇರುವ ಸ್ನೇಹ ನನ್ನ ದಡ್ಡತನದ ಮೇಲೆ ಕಟ್ಟಿದ್ದು. ಹಾಗಾಗಿ ಅಡಿಪಾಯ ಬಹಳ ಗಟ್ಟಿ.

ಬೀಗದಣ್ಣ ಅನ್ನುವುದು ಬೀದಿಯವರು ಇಟ್ಟ ಹೆಸರು. ಐವತ್ತು ದಾಟಿದ, ತೆಳ್ಳಗಿನ, ಮಾತು ಕಡಿಮೆಯ ಆಸಾಮಿ. ಅಂಗಡಿ ಇರುವುದು ಹಳೆಯ ಕಟ್ಟಡವೊಂದರ ಮೆಟ್ಟಿಲಿನ ಕೆಳಗೆ, ಒಂದು ಮಂಚದಷ್ಟು ಅಗಲ. ಒಳಗೆ ಒಬ್ಬರು ಕೂತರೆ ಇನ್ನೊಬ್ಬರು ಹೊಟ್ಟೆ ಒಳಗೆಳೆದುಕೊಂಡು ನಿಲ್ಲಬೇಕು. ನನಗೆ ಆ ವಿದ್ಯೆ ಸಿದ್ಧಿಸದೆ ಹೊರಗೇ ಸ್ಟೂಲು ಹಾಕಿಸಿಕೊಂಡಿದ್ದೇನೆ. ಗೋಡೆ ತುಂಬ ಇನ್ನೂ ಹಲ್ಲು ಕೊರೆಯದ ಬೀಗದ ಕೈಗಳ ಗೊಂಚಲು. ಕಟ್ಟೆಗೆ ಬಿಗಿದ, ಕೆಲಸದ ತುಂಡನ್ನು ಕಚ್ಚಿ ಹಿಡಿಯುವ ಒಂದು ವೈಸು, ಸಣ್ಣ ದೊಡ್ಡ ಅರಗಳು, ತುದಿ ಬಗ್ಗಿಸಿದ ತಂತಿಗಳನ್ನು ಸುತ್ತಿಟ್ಟ ಒಂದು ಬಟ್ಟೆ.

ಬೀಗ ತೆಗೆಯುವ ಮೊದಲು ಅವನು ಮನೆಯವರನ್ನು ಆ ಕಡೆ ತಿರುಗಿ ನಿಲ್ಲಲು ಹೇಳುತ್ತಾನೆ. ಕೈಚಳಕ ಬಚ್ಚಿಡುತ್ತಿದ್ದಾನೆ ಅಂದುಕೊಂಡಿದ್ದೆ. ಅಲ್ಲವಂತೆ. ತಾನು ನಂಬಿ ಮಲಗುವ ಬೀಗ ಅರ್ಧ ನಿಮಿಷಕ್ಕೆ ಶರಣಾದದ್ದನ್ನು ಕಣ್ಣಾರೆ ಕಂಡವನಿಗೆ ಆಮೇಲೆ ನಿದ್ದೆ ಹತ್ತುವುದಿಲ್ಲ, ಇನ್ನೊಬ್ಬರ ನಿದ್ದೆ ಕೆಡಿಸುವ ಹಕ್ಕು ನಮಗಿಲ್ಲ ಎಂದು ಅವನಪ್ಪ ಹೇಳಿಕೊಟ್ಟದ್ದಂತೆ.

ಅವನಪ್ಪ ಅಂದರೆ ದೊಡ್ಡ ಮೇಸ್ತ್ರಿ. ನಮ್ಮ ಸಭೆಯಲ್ಲಿ ಅವರನ್ನು ತಿಳಿಯದವರಿಲ್ಲ, ಯಾಕೆಂದರೆ ಚರ್ಚಿನ ಅಲಮಾರಿಯ ಬೀಗದ ಕೈಯನ್ನು ಹಿರಿಯರ ಮಂಡಳಿ ವರ್ಷಕ್ಕೊಮ್ಮೆ ತಪ್ಪದೆ ಕಳೆಯುತ್ತಿತ್ತು. ಮೇಸ್ತ್ರಿಗಳು ಬಂದು, ಹಿರಿಯರೆಲ್ಲರನ್ನೂ ಗೋಡೆ ಕಡೆ ತಿರುಗಿಸಿ ನಿಲ್ಲಿಸಿ, ಬಾಗಿಲು ತೆಗೆದುಕೊಟ್ಟು, ಒಂದು ಮಾತೂ ಆಡದೆ ಹೋಗುತ್ತಿದ್ದರು. ಪಾದ್ರಿಗಳ ಯಾವ ಪ್ರಸಂಗಕ್ಕೂ ನಮ್ಮ ಹಿರಿಯರು ಅಷ್ಟು ತಲೆತಗ್ಗಿಸಿದ್ದನ್ನು ನಾನು ಕಂಡಿಲ್ಲ.

ಮಗನಿಗೆ ಅವರು ಕಠಿಣ ಗುರು. ಅರ ಹಿಡಿದ ಬೆರಳು ಸೊಟ್ಟಗಾದರೆ ಗೆಣ್ಣಿನ ಮೇಲೆ ಅರದ ಹಿಡಿಯಿಂದಲೇ ಒಂದೇಟು. ಮಾಡಿದ ಕೆಲಸ ಕೈಗಿಟ್ಟರೆ ಬೆಳಕಿಗೆ ಹಿಡಿದು ನೋಡಿ "ಹೂಂ" ಅನ್ನುತ್ತಿದ್ದರು. ಹೂಂ ಚಿಕ್ಕದಾದರೆ ಪರವಾಗಿಲ್ಲ ಎಂದು. ಉದ್ದವಾದರೆ ಮತ್ತೆ ಮಾಡು ಎಂದು. ಮೂವತ್ತೈದು ವರ್ಷ ಅಪ್ಪನ ಪಕ್ಕದಲ್ಲಿ ಕೂತು ದುಡಿದ ಬೀಗದಣ್ಣ ಒಂದೇ ಒಂದು ಸಲವೂ ಇದಕ್ಕಿಂತ ಹೆಚ್ಚಿನದನ್ನು ಆ ಬಾಯಿಂದ ಕೇಳಿದವನಲ್ಲ. ಅದನ್ನು ಅವನು ನಗುತ್ತಲೇ ಹೇಳುತ್ತಿದ್ದ. ಎಷ್ಟು ಸಲ ಹೇಳುತ್ತಿದ್ದ ಅನ್ನುವುದರಿಂದ ನಗು ಎಷ್ಟು ನಿಜ ಅಂತ ನಾನು ಲೆಕ್ಕ ಹಾಕಬೇಕಿತ್ತು.

ಮೇಸ್ತ್ರಿಗಳು ಮೊದಲು ಮರೆತದ್ದು ಕನ್ನಡಕ ಇಟ್ಟ ಜಾಗ. ಅದಕ್ಕೆ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ನಾನು ಹುಟ್ಟಿದಾಗಿನಿಂದ ಅದೇ ಕಾಯಿಲೆಯವನು. ಆಮೇಲೆ ಪ್ರಾರ್ಥನೆಯ ನಡುವೆ ನಿಂತುಬಿಡತೊಡಗಿದರು. ಆಮೇಲೆ ತೀರಿಹೋಗಿ ಒಂಬತ್ತು ವರ್ಷವಾಗಿದ್ದ ಹೆಂಡತಿಯನ್ನು ಊಟಕ್ಕೆ ಕೂಗಿದರು. ಒಂದು ಬೆಳಿಗ್ಗೆ, ಮುಖ ತೊಳೆಯಲು ಬಿಸಿನೀರು ತಂದ ಮಗನನ್ನು ನೋಡಿ, ಯಾವ ಬೀಗ ಕೆಟ್ಟಿದೆ ಯಜಮಾನ್ರೇ ಎಂದು ಕೇಳಿದರು. ಅವತ್ತಿನಿಂದ ಮಗ ಗಿರಾಕಿಯಾದ.

ಅದೇ ವರ್ಷ ಬೀಗದಣ್ಣನನ್ನು ಹಿರಿಯರ ಮಂಡಳಿಗೆ ಸೇರಿಸಿಕೊಳ್ಳಬೇಕೆಂದು ಮಾತಾಯಿತು. ಬೀಗದ ಕೈ ಕಳೆಯದವನು ಒಬ್ಬನಾದರೂ ಇರಲಿ ಎಂಬ ಉದ್ದೇಶವಿರಬಹುದು. ಅವನು ಬೇಡವೆಂದ. ದೇವರ ಕರೆಗೆ ಹಾಗೆಲ್ಲ ಬೆನ್ನು ತಿರುಗಿಸಬಾರದು ಎಂದು ನಾನು ಬುದ್ಧಿ ಹೇಳಿದೆ. ಅದು ನನಗೆ ಸರಾಗ.

"ನನ್ನ ಕರೆ ಮನೇಲೇ ಮಲಗಿದೆ, ಮೇಷ್ಟ್ರೇ. ಈಗ ಹೋಗಿ ಅದರ ಕಾಲಿನ ಉಗುರು ಕತ್ತರಿಸಬೇಕು" ಅಂದ.

ನಾನು ಮೇಷ್ಟ್ರಲ್ಲ, ವಿಮಾ ಕಚೇರಿಯ ಗುಮಾಸ್ತ. ಭಾನುವಾರ ಮಕ್ಕಳಿಗೆ ಪಾಠ ಹೇಳುತ್ತೇನೆಂದು ಆ ಬಿರುದು. ತಂದೆತಾಯಿಗಳನ್ನು ಗೌರವಿಸಬೇಕೆಂಬ ಆಜ್ಞೆಯನ್ನು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ನನ್ನ ತಾಯಿ ಬೇರೆ ಊರಿನಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಆರಾಧನೆ ಮುಗಿದ ಮೇಲೆ ಫೋನ್ ಮಾಡಿ ಅವರನ್ನು ಹತ್ತು ನಿಮಿಷ ಗೌರವಿಸುತ್ತೇನೆ. ಸಿಗ್ನಲ್ ಸರಿಯಿಲ್ಲದಿದ್ದರೆ ಐದು ನಿಮಿಷ.

ಮೇಸ್ತ್ರಿಗಳ ತಲೆ ಎಲ್ಲವನ್ನೂ ಬಿಟ್ಟುಕೊಟ್ಟರೂ ಕೈ ಏನನ್ನೂ ಬಿಟ್ಟುಕೊಡಲಿಲ್ಲ. ಕಣ್ಣು ತಪ್ಪಿಸಿ ಹೊರಟುಬಿಡುತ್ತಿದ್ದರು, ಕೆಲಸಕ್ಕೆ ಎಂದು. ಮೂರು ಬೀದಿಯಾಚೆ ಒಬ್ಬ ನರ್ಸಿನ ಮನೆಯ ಬೀಗ ತೆಗೆದು ಊಟದ ಮೇಜಿನ ಮುಂದೆ ಕೂತಿದ್ದರು. ಡ್ಯೂಟಿ ಮುಗಿಸಿ ಬಂದಾಕೆ ಹೌಹಾರಿದಾಗ, ಕೆಲಸ ಮುಗೀತು ತಾಯಿ, ಒಂದು ಲೋಟ ಟೀ ಕೊಟ್ಟರೆ ಹೊರಡ್ತೀನಿ ಅಂದರಂತೆ. ಪುಣ್ಯಾತ್ಗಿತ್ತಿ, ಟೀ ಮಾಡಿಕೊಟ್ಟು, ಕೈ ಹಿಡಿದು ಮನೆಗೆ ತಂದುಬಿಟ್ಟಳು. ಬೀದಿಯೆಲ್ಲ ನಕ್ಕಿತು. ಹದಿನೈದು ದಿನದ ಮೇಲೆ ದೊಡ್ಡ ರಸ್ತೆಯಲ್ಲಿ ಸ್ಕೂಟರೊಂದು ಅವರನ್ನು ಕೆಡವಿತು. ಹಣೆಗೆ ಹನ್ನೊಂದು ಹೊಲಿಗೆ. ಆಗ ಯಾರೂ ನಗಲಿಲ್ಲ.

ಬಾಗಿಲಿಗೆ ಬೀಗ ಹಾಕಿ ಎಂದರು ಡಾಕ್ಟರು. ಬೀಗದಣ್ಣ ಒಪ್ಪಲಿಲ್ಲ. ಊರಿನ ಬಾಗಿಲುಗಳನ್ನೆಲ್ಲ ತೆಗೆದ ಮನುಷ್ಯನನ್ನು ಕೂಡಿಹಾಕುವುದು ಗೌರವವೇ ಎಂದು ನನ್ನನ್ನೇ ಕೇಳಿದ. ನಾನು ಗಂಟಲು ಸರಿಮಾಡಿಕೊಂಡು ಆಜ್ಞೆಯ ಆಳ ಅಗಲ ವಿವರಿಸಲು ಹೊರಟೆ. ಅವನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ತೋಳಿನ ಮೇಲೆ ಮಾವನ ಒದ್ದೆ ಪಂಚೆ. ಮಾವನಿಗೆ ಸ್ನಾನ ಮಾಡಿಸುವವಳು, ಉಣಿಸುವವಳು, ಕಳೆದುಹೋದಾಗ ಚಪ್ಪಲಿ ಮೆಟ್ಟದೆ ಬೀದಿಬೀದಿ ಓಡುವವಳು ಅವಳು. ಆಜ್ಞೆ ಬಂದದ್ದು ಮಗನ ಹೆಸರಿಗೆ, ಕೆಲಸ ಬಂದದ್ದು ಸೊಸೆಯ ಪಾಲಿಗೆ.

"ಗೌರವ ಆಮೇಲೆ ಮಾಡೋಣ. ಮೊದಲು ಮಾವ ಇರಬೇಕಲ್ಲ" ಅಂದಳು.

ನನ್ನ ವಿವರಣೆ ಅಲ್ಲಿಗೇ ಮುಗಿಯಿತು.

ಮೊದಲ ಬೀಗ ಬಿದ್ದದ್ದು ಒಂದು ಸೋಮವಾರ. ಮೇಸ್ತ್ರಿಗಳು ಸೊಸೆಯ ತಲೆಯ ಪಿನ್ನಿನಿಂದ ಅದನ್ನು ತೆಗೆದು ಗೇಟಿನ ಹತ್ತಿರ ನಿಂತಿದ್ದರು. ಅವಳು ಪಿನ್ನು ಬಿಟ್ಟು ತಲೆಗೆ ದಾರ ಕಟ್ಟಿಕೊಂಡಳು. ಎರಡನೆಯದಕ್ಕೆ ಕೊಡೆಯ ಕಡ್ಡಿ. ಮೂರನೆಯದಕ್ಕೆ ಕನ್ನಡಕದ ಕಡ್ಡಿ. ಕನ್ನಡಕ ಸಿಗುತ್ತಿರಲಿಲ್ಲ ಅನ್ನುವುದು ಓದುವುದಕ್ಕೆ ಮಾತ್ರ. ಆದರೆ ಆ ಮೂರು ದಿನದಲ್ಲಿ ಗಂಡ ಹೆಂಡಿರು ಒಂದು ಸಂಗತಿ ಕಂಡರು. ಬೀಗದ ಮುಂದೆ ಕೂತಾಗ ಮುದುಕರ ಬೆನ್ನು ನೆಟ್ಟಗಾಗುತ್ತಿತ್ತು. ಕಣ್ಣಿನಲ್ಲಿ ಮನುಷ್ಯ ವಾಪಸು ಬರುತ್ತಿದ್ದ. ತೆಗೆದಾದ ಮೇಲೆ ಎಷ್ಟೋ ಸಲ ಹೊರಗೆ ಹೋಗುವುದನ್ನೇ ಮರೆತು, ಬೀಗವನ್ನು ಮಗನ ಅಂಗೈಗೆ ಇಟ್ಟು, ತಗೊಳ್ಳಿ ಯಜಮಾನ್ರೇ ಎಂದು ಸುಮ್ಮನೆ ಕೂರುತ್ತಿದ್ದರು.

ಬೀಗದಣ್ಣನಿಗೆ ಅಷ್ಟು ಸಾಕಾಯಿತು. ಅಂದಿನಿಂದ ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುವ ಮೊದಲು ಬಾಗಿಲಿಗೆ ಒಂದು ಹೊಸ ಬೀಗ ಸಿಕ್ಕಿಸಿಡುತ್ತಿದ್ದ, ಒಳಗಡೆಯಿಂದ. ಅಪ್ಪನ ಪಕ್ಕದಲ್ಲಿ ತಂತಿಗಳ ಬಟ್ಟೆಯ ಸುರುಳಿ ಬಿಚ್ಚಿಟ್ಟು, ಇದು ಸ್ವಲ್ಪ ತೊಂದರೆ ಕೊಡ್ತಾ ಇದೆ, ನೋಡ್ತೀರಾ ಎಂದು ಗಿರಾಕಿಯಂತೆ ಕೇಳಿ ಹೋಗುತ್ತಿದ್ದ. ಅವನು ಹೊರಬಿದ್ದೊಡನೆ ಹೆಂಡತಿ ಬೀಗ ಒತ್ತುತ್ತಿದ್ದಳು. ತೀರಾ ಸುಲಭದ್ದು ಹಾಕಿದರೆ ಅವಮಾನ, ತೆಗೆಯಲಾಗದ್ದು ಹಾಕಿದರೆ ಇನ್ನೂ ಅವಮಾನ. ಎರಡು ಮೂರು ತಾಸು ಹಿಡಿಯುವಂಥದ್ದನ್ನು ಹುಡುಕಿ ಹುಡುಕಿ ತರುತ್ತಿದ್ದ. ಹಳೆ ಸಾಮಾನಿನವರ ಹತ್ತಿರ, ಹರಾಜಿಗೆ ಬಂದ ಕಪಾಟುಗಳಲ್ಲಿ. ಸೊಸೆ ಒಂದು ಕಿವಿ ಬಾಗಿಲಿಗೆ ಕೊಟ್ಟು ಕೆಲಸ ಮಾಡುತ್ತಿದ್ದಳು. ಕಟಕ್ ಅಂದೊಡನೆ ಕೈ ಒರೆಸಿಕೊಂಡು ಬರುತ್ತಿದ್ದಳು. ಒಂದು ವರ್ಷ ಮೂರು ತಿಂಗಳು ಹೀಗೆ ನಡೆಯಿತು. ದಿನಕ್ಕೊಂದು ಪ್ರಾರ್ಥನೆ ಮಾಡುವವರನ್ನು ಕಂಡಿದ್ದೇನೆ. ದಿನಕ್ಕೊಂದು ಬೀಗದಿಂದ ಅಪ್ಪನಿಗೆ ನಮಸ್ಕಾರ ಹೇಳಿದವನು ಇವನೊಬ್ಬನೇ.

ಬೇಸಿಗೆಯ ಒಂದು ದಿನ ಎಲ್ಲ ತಪ್ಪಿತು. ಬೀಗದಣ್ಣ ಅವತ್ತು ತಂದದ್ದು ಭಾರಿ ಬೀಗ, ಮೂರು ತಾಸಿನ ಕೆಲಸ ಎಂದುಕೊಂಡಿದ್ದ. ಆ ಜಾತಿಯ ಬೀಗವನ್ನು ಮೇಸ್ತ್ರಿಗಳು ಎಳೆಯ ವಯಸ್ಸಿನಲ್ಲಿ ನೂರಾರು ತೆಗೆದಿದ್ದರೆಂದು ಅವನಿಗೆ ಗೊತ್ತಿರಲಿಲ್ಲ. ನಾಲ್ಕು ನಿಮಿಷಕ್ಕೆ ತೆಗೆದರು. ಸೊಸೆ ಮಹಡಿಯ ಮೇಲೆ ಬಟ್ಟೆ ಒಣಗಹಾಕುತ್ತಿದ್ದಳು. ಮಧ್ಯಾಹ್ನವೆಲ್ಲ ಹುಡುಕಿದೆವು. ಮೂರೂವರೆಗೆ ಸಿಕ್ಕರು, ಗೋದಾಮುಗಳ ಹಿಂದೆ ಒಣಗಿದ ಚರಂಡಿಯಲ್ಲಿ, ನಾಲಿಗೆ ದಪ್ಪವಾಗಿ, ಮೈ ಕೆಂಡವಾಗಿ. ಆಸ್ಪತ್ರೆಯಲ್ಲಿ ಆರು ದಿನ. ಮುಂದಿನ ಸಲ ಇಲ್ಲಿಗೆ ತರುವ ಕಷ್ಟ ನಿಮಗಿರಲ್ಲ ಅಂದರು ಡಾಕ್ಟರು. ಸೊಸೆ ಆಸ್ಪತ್ರೆಯ ವರಾಂಡದಲ್ಲಿ ತನ್ನ ತಲೆಗೆ ತಾನೇ ಹೊಡೆದುಕೊಂಡಳು. ಹತ್ತು ನಿಮಿಷ ಮಹಡಿಗೆ ಹೋದೆನಲ್ಲ, ಹತ್ತೇ ನಿಮಿಷ ಎಂದು.

ಆ ಸಂಜೆ ಬೀಗದಣ್ಣ ಒಂದು ತೀರ್ಮಾನಕ್ಕೆ ಬಂದ. ಪೇಟೆಯಲ್ಲಿ ಅಪ್ಪನ ಕೈಗೆ ಬಗ್ಗದ ಬೀಗ ಸಿಗುವುದಿಲ್ಲ. ತಾನೇ ಮಾಡಬೇಕು.

ನಲವತ್ತು ದಿನ ಹಿಡಿಯಿತು. ಅಷ್ಟು ದಿನವೂ ಗಂಡ ಹೆಂಡತಿ ಸರದಿಯ ಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕೂತರು. ನಾನು ಕಚೇರಿಯಿಂದ ಬರುವಾಗ ಅಂಗಡಿಯ ಸ್ಟೂಲಿನಲ್ಲಿ ಕೂತು ನೋಡುತ್ತಿದ್ದೆ. ಬೀಗದೊಳಗೆ ತೆಳು ಹಿತ್ತಾಳೆಯ ತಗಡುಗಳಿರುತ್ತವೆ, ಇದರಲ್ಲಿ ಆರು. ಒಂದೊಂದನ್ನೂ ಸರಿಯಾದ ಎತ್ತರಕ್ಕೆ ಎತ್ತಿದಾಗ ಅದು ಕೂದಲಷ್ಟು ಸಣ್ಣ ಸದ್ದು ಮಾಡಿ ದಾರಿ ಬಿಡುತ್ತದೆ. ಆ ಸದ್ದನ್ನು ಕೇಳುವುದೇ ವಿದ್ಯೆ. ಬೀಗ ಸುಳ್ಳು ಹೇಳಲ್ಲ, ಅದು ಹೇಳಿದ್ದನ್ನ ಕೇಳು ಎಂದು ಮೇಸ್ತ್ರಿಗಳು ಮಗನಿಗೆ ಮೊದಲ ದಿನವೇ ಹೇಳಿದ್ದರಂತೆ. ಈಗ ಮಗ ಪ್ರತಿಯೊಂದು ತಗಡಿನಲ್ಲೂ ಒಂದೊಂದು ಸುಳ್ಳು ಕಚ್ಚು ಕೊರೆಯುತ್ತಿದ್ದ. ತಪ್ಪು ಎತ್ತರದಲ್ಲೂ ಅದೇ ಸದ್ದು, ಅದೇ ಸಡಿಲ. ಕಿವಿಗೆ ದಾರಿ ಬಿಟ್ಟಂತೆ ಕೇಳುತ್ತದೆ, ಬಿಟ್ಟಿರುವುದಿಲ್ಲ.

"ಅವರ ಕಿವಿ ಎಲ್ಲಿ ನಿಲ್ಲುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಮೇಷ್ಟ್ರೇ" ಎಂದ, ಅರದಿಂದ ಕಣ್ಣು ತೆಗೆಯದೆ. "ಅವರು ಕೊಟ್ಟಿದ್ದನ್ನೆಲ್ಲ ಸೇರಿಸಿ ಅವರಿಗೇ ಎದುರಾಗಿ ಕಟ್ತಾ ಇದೀನಿ."

ಜೀವ ಉಳಿಸೋದೂ ಗೌರವವೇ ಅಲ್ಲವಾ ಎಂದೆ. ಅದು ಸರಿಯಾದ ಮಾತೇ. ಸರಿಯಾದ ಮಾತು ಆಡಿ ಇಷ್ಟು ಸಣ್ಣವನಾಗಿ ನಾನು ಮನೆಗೆ ನಡೆದದ್ದು ಅದೇ ಮೊದಲು.

ಬೀಗ ಹಾಕುವ ದಿನ ಜೊತೆಗಿರಲು ನನ್ನನ್ನು ಕರೆದ. ಕಚೇರಿಗೆ ರಜೆ ಹಾಕಿ ಹೋದೆ. ಬೆಳಿಗ್ಗೆ ಎಂಟೂವರೆಗೆ ಮೇಸ್ತ್ರಿಗಳು ಗಂಜಿ ಕುಡಿದು, ಹೆಗಲಿಗೆ ಟವೆಲ್ ಹಾಕಿಕೊಂಡು, ಬಾಗಿಲ ಮುಂದಿನ ಗಿಡ್ಡ ಸ್ಟೂಲಿನಲ್ಲಿ ಕೂತರು. ಬೀಗವನ್ನು ಒಮ್ಮೆ ಸವರಿದರು. ಹುಬ್ಬು ಮೇಲೆ ಹೋಯಿತು. ತಂತಿ ಆರಿಸಿ, ಕಿವಿಯನ್ನು ಬಾಗಿಲಿನ ಮರಕ್ಕೆ ಒತ್ತಿ, ಕಣ್ಣು ಮುಚ್ಚಿದರು.

ಮೊದಲ ಸದ್ದು ಬಂದಾಗ ಅವರ ಮುಖದಲ್ಲಿ ನಗು ಮೂಡಿತು. ಎರಡನೆಯದು. ಮೂರನೆಯದು. ಆರೂ ಬಂದ ಮೇಲೆ ಕೊಂಡಿ ಎಳೆದರು. ಬರಲಿಲ್ಲ. ತಪ್ಪು ತನ್ನದೇ ಎನ್ನುವಂತೆ ತಲೆಯಾಡಿಸಿ ಮತ್ತೆ ಮೊದಲಿನಿಂದ ಹಿಡಿದರು. ಹತ್ತು ಗಂಟೆಗೆ ಟವೆಲಿನಿಂದ ಕತ್ತು ಒರೆಸಿಕೊಂಡರು. ಹನ್ನೊಂದಕ್ಕೆ ತಂತಿ ಬದಲಾಯಿಸಿದರು. ಸೊಸೆ ಊಟಕ್ಕೆ ಕರೆದರೆ, ಕೆಲಸದ ಮೇಲಿದೀನಿ ತಾಯಿ ಎಂದರು. ಎರಡು ಗಂಟೆಯ ಹೊತ್ತಿಗೆ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಮಾಡಿದರು. ಬೀಗದಣ್ಣ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಅವನ ಜೇಬಿನಲ್ಲಿ ಬೀಗದ ಕೈ ಇತ್ತು, ಕೈ ಜೇಬಿನಲ್ಲೇ ಇತ್ತು. ತೆಗೆದುಬಿಡು ಮಾರಾಯ ಅನ್ನಬೇಕೆಂದು ನನ್ನ ನಾಲಿಗೆಯವರೆಗೆ ಬಂತು. ಚರಂಡಿಯಲ್ಲಿ ಕಂಡ ಮುಖ ನೆನಪಾಗಿ ನುಂಗಿಕೊಂಡೆ.

ನಾಲ್ಕು ಗಂಟೆಗೆ ಅವರು ತಂತಿಯನ್ನು ಹೊರಗೆಳೆದರು. ಟವೆಲಿನಿಂದ ಒರೆಸಿದರು. ಸುರುಳಿಯಲ್ಲಿ ಅದರ ಜಾಗಕ್ಕೆ ಇಟ್ಟು, ಬಟ್ಟೆ ಸುತ್ತಿ, ದಾರ ಕಟ್ಟಿ, ಮಗನ ಕಡೆ ತಿರುಗಿದರು.

"ಯಜಮಾನ್ರೇ, ಇದು ನನ್ನ ಕೈಲಾಗಲ್ಲ. ಬೇರೆಯವರನ್ನ ಕರೀರಿ."

ಬೀಗದಣ್ಣ ಜೇಬಿನಿಂದ ಬರಿಗೈ ಹೊರತೆಗೆದ. ಮುದುಕರು ಬೀಗದ ಕಡೆ ಬೆರಳು ಮಾಡಿದರು.

"ಯಾರು ಮಾಡಿದ್ದು ಇದು?"

"ನಾನೇ."

ಮುದುಕರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಗೌರವದಿಂದ ನೋಡಿದರು, ನಾನು ಕಣ್ಣಾರೆ ಕಂಡೆ. "ಯಾರ ಹತ್ತಿರ ಕಲಿತ್ರಿ?"

"ನಮ್ಮಪ್ಪನ ಹತ್ತಿರ."

"ಒಳ್ಳೆ ಕೈ" ಎಂದರು ಮೇಸ್ತ್ರಿಗಳು. "ಬಹಳ ಒಳ್ಳೆ ಕೈ ನಿಮ್ಮದು. ಇಷ್ಟು ನಯವಾದ ಕೆಲಸ ನಾನು ನೋಡಿಲ್ಲ. ನನಗೂ ಒಬ್ಬ ಮಗ ಇದಾನೆ, ಇದೇ ಕಸುಬು. ಅವನಿಗೆ ಇಷ್ಟು ಬರಲ್ಲ." ಬೀಗವನ್ನು ಬೆರಳಿನಿಂದ ತಟ್ಟಿದರು. "ಆದ್ರೆ ಇದು ಸುಳ್ಳು ಹೇಳೋ ಬೀಗ. ನನ್ನ ಮಗ ಇಂಥದ್ದು ಮಾಡಲ್ಲ."

ಐವತ್ತು ದಾಟಿದ ಮಗ ಎದ್ದು ಹಿತ್ತಲಿಗೆ ಹೋದ. ನಲ್ಲಿ ಜೋರಾಗಿ ತಿರುಗಿಸಿದ ಸದ್ದು ಬಂತು. ಮುಖ ತೊಳೆಯಲು ಅಷ್ಟು ನೀರು ಬೇಕಾಗುವುದಿಲ್ಲ.

ಮರುದಿನ ಮೇಸ್ತ್ರಿಗಳು ಸ್ಟೂಲಿನ ಕಡೆ ಹೋಗಲಿಲ್ಲ. ತಂತಿಯ ಸುರುಳಿ ಪಕ್ಕದಲ್ಲಿಟ್ಟರೆ ಇನ್ನೊಬ್ಬರ ಸಾಮಾನು ಎನ್ನುವಂತೆ ಸರಿಸಿದರು. ಮೂರನೆಯ ದಿನ ಬೀಗದಣ್ಣ ಆ ಬೀಗ ಬಿಚ್ಚಿ ಹಾಕಿ, ಮೊದಲಿನ ಸುಲಭದ ಬೀಗವನ್ನು ಸಿಕ್ಕಿಸಿದ. ಅಪ್ಪನ ಮುಂದೆ ಮಂಡಿಯೂರಿ, ಇದು ಸ್ವಲ್ಪ ತೊಂದರೆ ಕೊಡ್ತಾ ಇದೆ, ನೋಡ್ತೀರಾ ಎಂದ. ಅಂಗೈಗೆ ತಂತಿ ಇಟ್ಟು ಬೆರಳು ಮಡಚಿದ. ಬೆರಳು ಬಿಚ್ಚಿಕೊಂಡವು, ತಂತಿ ನೆಲಕ್ಕೆ ಬಿತ್ತು. ಸೊಸೆ ತಲೆಗೆ ಮತ್ತೆ ಪಿನ್ನು ಹಾಕಿಕೊಂಡು ಅವರ ಮುಂದೆಯೇ ಓಡಾಡಿದಳು, ಕದಿಯಲಿ ಎಂದು. ಕದಿಯಲಿಲ್ಲ.

ಆಮೇಲೆ ಬಾಗಿಲಿಗೆ ಬೀಗ ಹಾಕುವುದನ್ನೇ ಬಿಟ್ಟರು. ಹಗಲೆಲ್ಲ ಬಾಗಿಲು ಹಾರುಹೊಡೆದಿರುತ್ತಿತ್ತು, ಅಡ್ಡ ಕೂರಲು ಯಾರೂ ಬೇಕಾಗಲಿಲ್ಲ. ಮೇಸ್ತ್ರಿಗಳು ಮಂಚದ ತುದಿಯಲ್ಲಿ ಕೂತು ಅದನ್ನು ನೋಡುತ್ತಿದ್ದರು. ಬೀಗದಣ್ಣ ಅಂಗಡಿಗೆ ಅರ್ಧ ದಿನ ಮಾತ್ರ ಹೋಗತೊಡಗಿದ. ಉಳಿದ ಅರ್ಧ ಅಪ್ಪನನ್ನು ಹೊರಗೆ ಕರೆದೊಯ್ಯಲು, ಅವರು ಎಲ್ಲಿಗೆ ಹೋಗಬೇಕೆಂದರೆ ಅಲ್ಲಿಗೆ. ನಾನು ಇದ್ದ ಒಂದು ಮಧ್ಯಾಹ್ನ ಚಪ್ಪಲಿಗಳನ್ನು ಅಪ್ಪನ ಪಾದಕ್ಕೆ ಹಾಕಿ ಹೋಗೋಣವಾ ಎಂದ.

"ಬೀಗ ಹಾಕಿದೆ" ಎಂದರು ಅವರು.

"ತೆಗೆದಿದೆ ಅಪ್ಪ. ನೋಡಿ, ಬಾಗಿಲು ತೆಗೆದೇ ಇದೆ. ನೀವೇ ತೆಗೆದ್ರಲ್ಲ, ಆಗಲೇ."

ಮುದುಕರು ತಮ್ಮ ಎರಡು ಕೈಗಳನ್ನು ಮಡಿಲಲ್ಲಿಟ್ಟು ನೋಡಿಕೊಂಡರು. ಹೆಂಡತಿ ಮರೆತುಹೋಗಿದ್ದಳು, ಮಗ ಮರೆತುಹೋಗಿದ್ದ, ಸ್ವಂತ ಹೆಸರು ಕೇಳಿದರೆ ಸುಮ್ಮನೆ ನಗುತ್ತಿದ್ದರು.

"ಇಲ್ಲ" ಎಂದರು. "ನಾನು ತೆಗೀಲಿಲ್ಲ."

ಅದೊಂದನ್ನು ಮಾತ್ರ ಅವರು ಮರೆಯಲಿಲ್ಲ, ಹೊಸಿಲು ದಾಟಲೂ ಇಲ್ಲ. ದಿನವೂ ಕೇಳಿ ದಿನವೂ ಅದೇ ಉತ್ತರ ಪಡೆದ ಬೀಗದಣ್ಣ ಒಂದು ದಿನ ಪಾದ್ರಿಗಳ ಹತ್ತಿರ ಹೋಗಿ ಎಲ್ಲ ಹೇಳಿಕೊಂಡನಂತೆ. ಪಾದ್ರಿಗಳು ಒಳ್ಳೆಯವರು, ಬಹಳ ಹೊತ್ತು ಅವನ ಕೈ ಹಿಡಿದು ಕೂತರಂತೆ. ಉಪದೇಶ ಮಾಡಲಿಲ್ಲವಂತೆ. ಅದಕ್ಕೇ ಅವರು ಪಾದ್ರಿ, ನಾನು ಮೇಷ್ಟ್ರು.

ಎರಡು ತಿಂಗಳಿಗೆ ಮೇಸ್ತ್ರಿಗಳು ಹೋದರು. ರಸ್ತೆಯಲ್ಲಲ್ಲ, ಚರಂಡಿಯಲ್ಲಲ್ಲ, ಬೆಳಿಗ್ಗೆ ಹತ್ತು ಗಂಟೆಗೆ, ಸ್ವಂತ ಮಂಚದ ಮೇಲೆ, ಸೊಸೆ ಚಮಚದಲ್ಲಿ ಕೊಟ್ಟ ನೀರು ಕುಡಿದು, ಮಗನ ತೋಳಿನಲ್ಲಿ. ಸಮಾಧಿಯ ಹತ್ತಿರ ಎಲ್ಲರೂ ಬೀಗದಣ್ಣನ ಭುಜ ತಟ್ಟಿ, ಮಗ ಅಂದ್ರೆ ನೀನು ಎಂದರು. ಮುಂದಿನ ಭಾನುವಾರ ಸಭೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು, ತಂದೆಯನ್ನು ಗೌರವಿಸುವುದು ಹೇಗೆಂದು ಕಲಿಯಬೇಕಾದರೆ ಈ ಮನುಷ್ಯನನ್ನು ನೋಡಿ ಎಂದರು. ಮಕ್ಕಳ ಸಾಲಿನಲ್ಲಿ ಕೂತಿದ್ದ ನನ್ನ ವಿದ್ಯಾರ್ಥಿಗಳೆಲ್ಲ ಕತ್ತು ತಿರುಗಿಸಿ ನೋಡಿದರು.

ಅವನು ಮೆಲ್ಲಗೆ ಎದ್ದು ಹೊರಗೆ ಹೋದ. ಅವನ ಹೆಂಡತಿ ಕಣ್ಣಿನಲ್ಲೇ ಹೇಳಿದ್ದರಿಂದ ನಾನೂ ಹಿಂದೆ ಹೋದೆ. ಗೇಟಿನ ಹತ್ತಿರ, ಸೈಕಲ್‌ಗಳ ನಡುವೆ ನಿಂತಿದ್ದ. ನಾನು ಪಕ್ಕದಲ್ಲಿ ನಿಂತೆ. ಜೀವನದಲ್ಲಿ ಮೊದಲ ಸಲ ಬುದ್ಧಿ ಹೇಳುವ ಗೋಜಿಗೆ ಹೋಗಲಿಲ್ಲ.

"ಬಾಗಿಲು ತೆಗೆದೇ ಇತ್ತು, ಮೇಷ್ಟ್ರೇ" ಎಂದ ಅವನು. "ಎರಡು ತಿಂಗಳು ತೆಗೆದೇ ಇತ್ತು."